ಇಪ್ಪತ್ತನಾಲ್ಕು ಸೈಟು ಉದ್ದ

ಹೊಸಕೋಟೆ ದಾಟಿ ಸೂಲಿಬೆಲೆ ರಸ್ತೆಯ ಎಡಕ್ಕೆ ಪಿಳ್ಳಪ್ಪನ ಹೊಲ.
ಈಗ ಹೊಲವಲ್ಲ, ಬಡಾವಣೆ. ಇನ್ನೂ ಬಡಾವಣೆಯೂ ಅಲ್ಲ,
ಸುಣ್ಣ ಬಳಿದ ಕಲ್ಲುಗಳು, ನಡುವೆ ಗರಿಕೆ.
"ರಿಜಿಸ್ಟ್ರಿ ಆಗೋಗಂಟ ಇಳ್ಕೋ ಹೋಗು" ಅಂದಿದ್ದ.
ಬಾಡಿಗೆ ಕೇಳಿರಲಿಲ್ಲ, ಒಂದು ಸುತ್ತು ಕೇಳಿದ್ದ.

ನಲವತ್ತಡಿಗೊಂದು ಕಲ್ಲು, ಇಪ್ಪತ್ತನಾಲ್ಕು ಸೈಟು.
ಆಚೆ ತುದಿಗೆ ನೀಲಗಿರಿ, ಈಚೆ ತುದಿಗೆ ಕರೆಂಟಿನ ತಂತಿ.
ಮೇಲಿಂದ ನೋಡಿದರೆ
ಯಾರೋ ಒಣಹಾಕಿ ಮರೆತ ಪಂಚೆ.

ಆಷಾಢದ ಗಾಳಿ ಆರೂವರೆಗೇ ಎದ್ದು ಕೂತಿದೆ.
ಕಂಬಕ್ಕೆ ಕಟ್ಟಿದ ನನ್ನ ಹಳೇ ಅಂಗಿಯ ತೋಳು
ತುಂಬಿಕೊಂಡು ಈಶಾನ್ಯಕ್ಕೆ ಕೈಚಾಚಿದೆ,
ವಾಸ್ತು ಹೇಳುವವನ ಹಾಗೆ.

ಹನ್ನೊಂದು ವರ್ಷ ಕಟ್ಟಿದ್ದು ಇದು,
ಪೀಣ್ಯದ ಶೆಡ್ಡಿನಲ್ಲಿ, ಲೇತಿನ ಪಕ್ಕ, ಭಾನುವಾರ ಮಾತ್ರ.
ರೆಕ್ಕೆಯ ಬಟ್ಟೆ ಬಿಗಿಸಿದ್ದು ಮನೆಯ ಇಸ್ತ್ರಿಪೆಟ್ಟಿಗೆ.
ಎಂಜಿನ್ನು ಹಳೇ ಕಾರಿನದು, ರವೂಫ ಜೋಡಿಸಿದ್ದು;
"ಇದಕ್ಕೆ ರಸ್ತೆ ಬೇಜಾರಾಗಿತ್ತು" ಅಂತ ನಕ್ಕಿದ್ದ.
ಒಂದೊಂದು ಸ್ಕ್ರೂ ಪರಿಚಯ ನನಗೆ. ಅದೇ ಕಷ್ಟ.
ಕಂಪನಿಯ ವಿಮಾನವಾದರೆ ಕಂಪನಿಯನ್ನು ನಂಬಬಹುದು.
ಇಲ್ಲಿ ನಂಬಬೇಕಾದ್ದು
ಯಾವುದೋ ಭಾನುವಾರ ಜ್ವರದಲ್ಲಿ ಅಂಟು ಹಚ್ಚಿದ ನನ್ನನ್ನು.

ಮೊದಲ ಸಲ ಎತ್ತರ ಹೆಚ್ಚಾಯಿತು.
ಆರನೇ ಕಲ್ಲು, ಎಂಟು, ಹತ್ತು, ಇನ್ನೂ ತೇಲುತ್ತಿದೆ ಮುಂಡೇದು,
ಹೊರಟ ನೆಂಟ ಹೊಸಿಲಲ್ಲೇ ಮಾತಿಗೆ ನಿಂತ ಹಾಗೆ.
ಪೂರ್ತಿ ಥ್ರಾಟಲ್.
ನೀಲಗಿರಿಯ ತುದಿಯೆಲೆಗಳು ಚಕ್ರದ ಕೆಳಗೆ
ಬೆಳ್ಳಗೆ ಮಗುಚಿಕೊಂಡವು.
ಪಿಳ್ಳಪ್ಪ ತಲೆಯ ಟವೆಲ್ಲು ಬಿಚ್ಚಿ ಬೀಸಿದ,
ಬಾ ಅಂತಲೋ, ಹೋಗು ಅಂತಲೋ.

ಎರಡನೇ ಸಲ ಎಡರೆಕ್ಕೆ ತಗ್ಗಿಸಿ, ಬಲಗಾಲು ಒತ್ತಿ,
ಏಡಿಯ ಹಾಗೆ ಓರೆಯಾಗಿ ಇಳಿದೆ.
ಎಡಗೆನ್ನೆಗೆ ಗಾಳಿ. ತಂತಿ ಹಿಂದಾಯಿತು.
ಎಂಬತ್ತು ಕಿಲೋಮೀಟರು: ಏರ್‌ಪೋರ್ಟಿಗೆ ಓಡುವ ಬಸ್ಸಿನ ವೇಗ.
ಇಲ್ಲಿ ಅದಕ್ಕಿಂತ ಕಮ್ಮಿಯಾದರೆ ನಾನೂ ಒಂದು ಕಲ್ಲು.

ಇಳಿಸುವುದೆಂದರೆ, ಕಲಿಸಿದವರು ಹೇಳಿದ್ದು,
ಇಳಿಯಲು ಬಿಡದಿರುವುದು.
ನೆಲ ಮೊಣಕಾಲಿನಷ್ಟು ಹತ್ತಿರ ಬಂದಾಗ
ಕೋಲು ಹಿಂದಕ್ಕೆಳೆ, ಬೇಡ ಅನ್ನು,
ಇನ್ನೂ ಬೇಡ ಅನ್ನು,
ಇನ್ನೊಂಚೂರು ತಡಿ, ಬೇಡ,
ಕೊನೆಗೆ ಸಾಕಾಗಿ ತಾನೇ ಕೂರುತ್ತದೆ.

ಕೂತಿತು. ಐದನೇ ಕಲ್ಲು.
ರಾತ್ರಿಯ ತುಂತುರಿಗೆ ಒದ್ದೆ ಹುಲ್ಲು, ಬ್ರೇಕು ಹೆಸರಿಗೆ ಮಾತ್ರ.
ಬಾಲದ ಚಕ್ರ ಗಡಗಡ, ಒಂಬತ್ತು, ಹದಿಮೂರು,
ಹುತ್ತವೊಂದು ಗೇಣಿನಲ್ಲಿ ತಪ್ಪಿತು,
ಹತ್ತೊಂಬತ್ತರಲ್ಲಿ ನಿಂತೆ.

ಎಂಜಿನ್ ಆರಿಸಿದ ಮೇಲೂ ಕೈ ಕೋಲು ಬಿಡಲಿಲ್ಲ.
ಪಿಳ್ಳಪ್ಪ ಓಡಲಿಲ್ಲ, ನಡೆದೇ ಬಂದ.
ಪ್ರೊಪೆಲ್ಲರಿನಿಂದ ಎರಡು ಮಾರು ದೂರ ನಿಂತು
ನಾಲ್ಕೂ ಮೂಲೆಯ ಕಲ್ಲುಗಳನ್ನು ಕಣ್ಣಲ್ಲೇ ಅಳೆದ.
"ಯಾರ್ದೋ ಅಡಿಗೆಮನೇಲಿ ನಿಲ್ಸಿದ್ದೀಯ" ಅಂದ.
"ಇಳಿ, ಹಿಂದಕ್ಕೆ ತಳ್ಳಾನ. ನನ್ ಸುತ್ತು ಬಾಕಿ ಐತೆ."