ಇನ್ನೂರ ಹನ್ನೆರಡನೇ ಷೇರು

ಹುಣಸೆ ಬೀಜ ಬಿಡಿಸಿದ ಕೂಲಿ
ಬೇಸಗೆಯಿಡೀ ಕೂಡಿ ಕೂಡಿ
ಇಪ್ಪತ್ತೈದು ರೂಪಾಯಿ ಆದ ದಿನ
ಅಮ್ಮ ಗುಡಿಬಂಡೆಗೆ ನಡೆದೇ ಹೋಗಿ
ಬಸ್ಸು ಕೊಂಡು ಬಂದಳು.

ಅಂದರೆ, ಒಂದು ಕಾಗದ.
ನೀಲಿ ಅಂಚು, ನಡುವೆ ಚಕ್ರದ ಚಿತ್ರ,
ಶ್ರೀಮತಿ ಅಕ್ಕಲಮ್ಮ ಎಂದು
ಸೆಕ್ರೆಟರಿ ವೆಂಕಟರಾಯಪ್ಪನ ಓರೆ ಅಕ್ಷರ.
ಅವಳನ್ನು ಮೊದಲ ಸಲ ಶ್ರೀಮತಿ ಎಂದದ್ದು
ಸಾರಿಗೆ ಸಹಕಾರ ಸಂಘ.

ಮೂರು ಬಸ್ಸು, ಒಂಬೈನೂರು ಚಿಲ್ಲರೆ ಮಾಲೀಕರು.
ನಮ್ಮ ಪಾಲಿಗೆ ಎಷ್ಟು ಬರುತ್ತದೆಂದು
ಸ್ಲೇಟು ತುಂಬ ಭಾಗಾಕಾರ ಮಾಡಿ
ನಾನು ಶೇಷದಲ್ಲಿ ಸಿಕ್ಕಿಬಿದ್ದೆ.
ಅಮ್ಮ ಲೆಕ್ಕಕ್ಕೆ ಕಾಯಲಿಲ್ಲ,
ತನ್ನದನ್ನು ತಾನೇ ಆರಿಸಿಕೊಂಡಿದ್ದಳು:
ಎರಡನೇ ಬಸ್ಸಿನ ಗಂಟೆಯ ಹಗ್ಗ.

ಎಲ್ಲರೂ ಹಾಗೇ.
ಮಗ್ಗದ ಬೈಲಪ್ಪನದು ಮುಂದಿನ ಎಡಗಾಲಿ,
ಹತ್ತುವ ಮೊದಲು ಒದ್ದು ನೋಡುತ್ತಿದ್ದ.
ಸೌದೆ ಡಿಪೋ ಹುಸೇನ್‌ಬೀ ತನ್ನ ಕಿಟಕಿಯನ್ನು
ಸೆರಗಲ್ಲಿ ಒರೆಸದೆ ಕೂರುತ್ತಿರಲಿಲ್ಲ.
ನಮ್ಮ ಬಸ್ಸು ಅನ್ನುವುದು ಬಾಯಿಮಾತಲ್ಲ,
ರಸೀತಿ ಇತ್ತು.

ಮಾಲೀಕರೇ ತುಂಬಿದ ಬಸ್ಸಿಗೆ
ಕಂಡಕ್ಟರ್ ಆಗುವುದು ಎಂಥ ಕರ್ಮವೆಂದು
ಚೌಡರೆಡ್ಡಿಯನ್ನು ಕೇಳಬೇಕು.
ಟಿಕೆಟ್ ಅಂದರೆ, ಮೊದಲು ಜಮಾಖರ್ಚು ತೋರಿಸಪ್ಪ.
ಚಿಲ್ಲರೆ ಇಲ್ಲ ಅಂದರೆ, ಮಹಾಸಭೆಯಲ್ಲಿ ಎತ್ತುತ್ತೀನಿ ಇರು.
ಕೋಳಿಗೆ ಅರ್ಧ ಚಾರ್ಜೋ ಪೂರ್ತಿಯೋ ಎಂದು
ಪೆರೇಸಂದ್ರದವರೆಗೂ ವಾದ ನಡೆದು
ಇಳಿಯುವಾಗ ನೋಡಿದರೆ
ಕೋಳಿ ಸೀಟಿನಡಿ ಮೊಟ್ಟೆ ಇಟ್ಟಿತ್ತು.
ಅದು ಸಂಘದ ಆಸ್ತಿ ಎಂದರು ಯಾರೋ.
ಕೈಯೆತ್ತಿ ಅಂಗೀಕರಿಸಿದರು.

ಏರಿನಲ್ಲಿ ಕೆಟ್ಟು ನಿಂತರೆ ಮಾತ್ರ
ಯಾರದೂ ತಕರಾರಿಲ್ಲ.
ಪಂಚೆ ಎತ್ತಿ ಕಟ್ಟಿ, ಸೆರಗು ಸಿಕ್ಕಿಸಿ
ಇಳಿದು ತಳ್ಳುವುದು.
ಬೇರೆಯವರ ಬಸ್ಸನ್ನೂ ತಳ್ಳಿದ್ದೇನೆ ಆಮೇಲೆ.
ಅದು ಭಾರ.

ಸೀಟು ಖಾಲಿಯಿದ್ದರೂ ಅಮ್ಮ
ಹಗ್ಗದ ಕೆಳಗೇ ನಿಲ್ಲುತ್ತಿದ್ದಳು.
ಚೌಡರೆಡ್ಡಿಯ ಎರಡೂ ಕೈ ತುಂಬಿದ್ದಾಗ
"ಅಕ್ಕಾ, ನುವ್ವೇ ಲಾಗು" ಅನ್ನುತ್ತಿದ್ದ.
ಅವಳು ಎರಡು ಸಲ ಎಳೆದರೆ
ಐವತ್ತು ಜನ, ಮೂರು ಮೇಕೆ,
ಟಾಪಿನ ಮೇಲಿನ ಗುಡ್ಡದಷ್ಟು ಹೂಕೋಸು
ಎಲ್ಲ ಒಟ್ಟಿಗೆ ಹೊರಡುತ್ತಿದ್ದವು.
ಮನೆಯಲ್ಲಿ ಅವಳ ಮಾತಿಗೆ
ಬೆಕ್ಕೂ ಏಳುತ್ತಿರಲಿಲ್ಲ.

ಲಾಭಾಂಶ ಬಂದದ್ದು ಎರಡೇ ಸಲ.
ಎರಡನೆಯದು ಒಂದು ರೂಪಾಯಿ ಎಪ್ಪತ್ತು ಪೈಸೆ.
ಖಾರಾಬೂಂದಿ ತಂದು ಪೊಟ್ಟಣ ಬಿಚ್ಚಿ
"ಕಂಪನಿದು, ತಿನ್ನಿ" ಅಂದಳು.

ಆಮೇಲೆ ಹಳದಿ ಬಸ್ಸೊಂದು
ನಮ್ಮದಕ್ಕಿಂತ ಹತ್ತು ನಿಮಿಷ ಮುಂಚೆ ಬರತೊಡಗಿತು.
ಒಳಗೆ ಹಾಡು, ಮೆತ್ತನೆ ಸೀಟು.
ಇದನ್ನು ಬರೆಯದೆಯೂ ಇರಬಹುದಿತ್ತು:
ನಾವೂ ಹತ್ತಿದೆವು.
ಬೈಲಪ್ಪ ಹತ್ತಿದ, ಹುಸೇನ್‌ಬೀ ಹತ್ತಿದಳು.
ಪರೀಕ್ಷೆಯಿದೆ ಎಂದು ನಾನು ಹತ್ತಿದೆ.
ಹಿಂದಿನ ಗಾಜಿನಲ್ಲಿ ಕಂಡಿತು,
ಖಾಲಿ ಬಸ್ಸಿನ ಬಾಗಿಲಲ್ಲಿ ನಿಂತು
ಚೌಡರೆಡ್ಡಿ ಕೈ ಬೀಸಿದ,
ನಿಲ್ಲಿ ಎಂದೋ ಹೋಗಿ ಬನ್ನಿ ಎಂದೋ.

ಕೊನೆಗೆ ಹರಾಜು. ಕೆ.ಜಿ. ಲೆಕ್ಕ.
ಅಮ್ಮ ನೀಲಿ ಅಂಚಿನ ಕಾಗದ ಹಿಡಿದು ಹೋಗಿ
ಹಗ್ಗ ಕೇಳಿದಳು.
ಕಾನೂನಿನಲ್ಲಿ ಹಾಗೆ ಬರುವುದಿಲ್ಲಮ್ಮ
ಎಂದರು ಮೇಜಿನ ಹಿಂದಿದ್ದವರು, ಮೆಲ್ಲಗೆ, ಕೂರಿಸಿ.
ಡ್ರೈವರ್ ಪ್ಯಾರೇಜಾನ್ ಒಂದೂ ಮಾತಾಡದೆ
ಒಳಗೆ ಹತ್ತಿ, ಕುಯ್ದು,
ಸುತ್ತಿ ಅವಳ ಚೀಲಕ್ಕೆ ಹಾಕಿದ.

ಈಗ ಅದು ಗೌರಿಬಿದನೂರಿನಲ್ಲಿ,
ನನ್ನ ಮನೆಯ ತಾರಸಿಯ ಮೇಲೆ
ಕಂಬದಿಂದ ಕಂಬಕ್ಕೆ.
ಬಟ್ಟೆ ಒಣಹಾಕುತ್ತೇನೆ.
ಒಂದು ಕಡೆ ಗೇಣುದ್ದ ಗ್ರೀಸಿನ ಕಲೆ
ಸೋಪಿಗೂ ಬಿಟ್ಟಿಲ್ಲ, ಸೀಮೆಎಣ್ಣೆಗೂ ಬಿಟ್ಟಿಲ್ಲ.
ಆ ಜಾಗದಲ್ಲಿ ಬಿಳಿ ಬಟ್ಟೆ ಹಾಕುವುದಿಲ್ಲ.