ಇಳಿಯುವ ಲೆಕ್ಕ

ಮತ್ರಾದ ಕಡಲದಂಡೆ, ನಸುಕಿನ ನಾಲ್ಕೂ ಮುಕ್ಕಾಲು.
ಆಗಸ್ಟಿನ ಗಾಳಿ ಹಿಂಡದ ಟವೆಲಿನಂತೆ ಮುಖಕ್ಕೆ ಸುತ್ತಿಕೊಳ್ಳುತ್ತದೆ.
ಮೀನುಪೇಟೆಯಲ್ಲಿ ಆಗಲೇ ದೀಪ,
ಐಸು ಒಡೆಯುವ ಸದ್ದು, ಬೆಕ್ಕುಗಳ ಜಗಳ.
ನಾನು ನಡೆಯುತ್ತಿದ್ದೇನೆ:
ಹತ್ತನೇ ತರಗತಿಗೆ ಜೀವಶಾಸ್ತ್ರ, ವಯಸ್ಸು ನಲವತ್ತೇಳು,
ಎಡಗಣ್ಣಿನ ರೆಪ್ಪೆ ತಿಂಗಳಿಂದ ಅದುರುತ್ತಿದೆ.
ಹೆಂಗಸರಿಗೆ ಎಡಗಣ್ಣು ಶುಭವಂತೆ.
ಅಮ್ಮ ಫೋನಿನಲ್ಲೇ ಖುಷಿಪಟ್ಟಳು.

ಹದಿನೆಂಟು ವರ್ಷದಿಂದ ಬೋರ್ಡಿನ ಮೇಲೆ ಬಿಡಿಸುತ್ತಿದ್ದೇನೆ
ಮೂತ್ರಪಿಂಡದ ತಲೆಗೆ ಟೋಪಿಯಂತೆ ಕೂತ ಪುಟ್ಟ ಗ್ರಂಥಿ.
ಹಾವು ಕಂಡರೆ ರಸ ಸುರಿಸುತ್ತದೆ; ಎದೆ ಡವಗುಟ್ಟುತ್ತದೆ,
ಹೊಟ್ಟೆ ಕೆಲಸ ನಿಲ್ಲಿಸುತ್ತದೆ, ರಕ್ತ ಕಾಲಿಗೆ ಧಾವಿಸುತ್ತದೆ.
ಎರಡು ಅಂಕದ ಪ್ರಶ್ನೆ, ಬರೆದುಕೊಳ್ಳಿ.

ಹಾವಿಲ್ಲದೆಯೂ ಸುರಿಯುತ್ತದೆ ಎಂದು ಬರೆಸಿರಲಿಲ್ಲ.
ಪೋಷಕರ ವಾಟ್ಸಾಪ್ ಗುಂಪು ರಾತ್ರಿ ಹನ್ನೊಂದೂವರೆಗೆ ಮಿನುಗಿದರೆ,
ಹಿಂದಿನ ಬೆಂಚಿನಲ್ಲಿ ಫೈಲು ಹಿಡಿದು ತಪಾಸಣೆಯವರು ಕೂತರೆ,
ವೀಸಾ ಮುಗಿಯುವ ತಿಂಗಳಲ್ಲಿ ಪ್ರಿನ್ಸಿಪಾಲರು
‘ಒಂದು ನಿಮಿಷ’ ಎಂದರೆ
ಓಡಲೆಂದು ಕಾಲಿಗೆ ಬಂದ ರಕ್ತ
ಮೇಜಿನ ಹಿಂದೆ ಸುಮ್ಮನೆ ನಿಂತಿರುತ್ತದೆ,
ಪಾಲಿಶ್ ಹಾಕಿದ ಚಪ್ಪಲಿಯಲ್ಲಿ.

ನರ್ಸ್ ಸಾರಮ್ಮ ತೋಳಿಗೆ ಪಟ್ಟಿ ಸುತ್ತಿ ಬಲ್ಬು ಒತ್ತಿದಳು.
ಒಂದು ಸಲ. ಮತ್ತೊಂದು ಸಲ. ನಂಬಲಾರದೆ ಮೂರನೆಯದು.
‘ಟೀಚರೇ, ಸ್ಟಾಫ್ ರೂಮಿಂದ ಬಂದಿರೋ, ಬೆಟ್ಟ ಹತ್ತಿ ಬಂದಿರೋ?’

ಅಂದಿನಿಂದ ಈ ನಡಿಗೆ.
ಲಿಫ್ಟಿಗೆ ಬೆನ್ನು ಹಾಕಿ ನಾಲ್ಕನೇ ಮಹಡಿಗೆ ಎಪ್ಪತ್ತೆರಡು ಮೆಟ್ಟಿಲು.
ಮೊದಲ ವಾರ ಎರಡನೆಯದರಲ್ಲೇ ಕುಸಿದು ಕೂತೆ.
ಬಾಗಿಲು ತೆರೆದ ಬಲೂಚಿ ಅಜ್ಜಿ ಏನೋ ಕೇಳಿದಳು,
ನಾನು ಎದೆ ಮುಟ್ಟಿ ತೋರಿಸಿದೆ.
ಯಾರೋ ಕೈಕೊಟ್ಟರೆಂದು ತಿಳಿದಳೋ ಏನೋ,
ಒಳಗೆ ಹೋಗಿ ನೀರು ತಂದಳು, ಖರ್ಜೂರ ತಂದಳು,
ತಲೆ ಸವರಿದಳು.

ಒಂದು ನೋಟ್‌ಬುಕ್ಕಿದೆ, ಹಾಜರಿ ಪುಸ್ತಕದಂತೆ ಗೆರೆ ಎಳೆದದ್ದು.
ಮೆಟ್ಟಿಲು ಹತ್ತಿ ನಿಂತಾಗ: ನೂರ ಮೂವತ್ತೆರಡು.
ಮೂರು ನಿಮಿಷ ಕಳೆದು: ತೊಂಬತ್ತು.
ತಪಾಸಣೆಯ ದಿನ, ಕುರ್ಚಿಯಲ್ಲಿ ಕೂತಲ್ಲೇ: ನೂರ ಹದಿನೆಂಟು.
ಮೂರು ನಿಮಿಷ ಕಳೆದು: ನೂರ ಹದಿನೆಂಟು.
ರಾತ್ರಿ ಊಟದ ತಟ್ಟೆಯ ಮುಂದೆ: ನೂರ ನಾಲ್ಕು.
ಏರುವುದನ್ನಷ್ಟೇ ಪಾಠ ಮಾಡಿದ್ದೆ ಇಷ್ಟು ವರ್ಷ.
ನಾಡು ಬಿಟ್ಟವಳ ನಾಡಿ
ಇಳಿಯುವ ಸ್ಟಾಪು ಮರೆತು
ಡಿಪೋ ತನಕ ಹೋಗಿ ಕೂರುತ್ತಿತ್ತು.

ಮೊನ್ನೆ ಹತ್ತನೇ ‘ಬಿ’ಯಲ್ಲಿ ಮಣಿಕಟ್ಟಿಗೆ ಎರಡು ಬೆರಳಿಟ್ಟು ಎಣಿಸುವ ಪ್ರಯೋಗ.
ಕಿಟಕಿ ಪಕ್ಕದ ಇಹಸಾನನದು ಕೂತಲ್ಲೇ ನೂರ ಹದಿನಾರು.
‘ಗಡಿಯಾರ ಕೆಟ್ಟಿದೆ ಮಿಸ್.’
ಗಡಿಯಾರ ನೆಟ್ಟಗಿತ್ತು.
ಮುಂದಿನ ಪೀರಿಯಡ್ ಗಣಿತದ ಪರೀಕ್ಷೆ.

ಪುಸ್ತಕ ಮುಚ್ಚಿಸಿದೆ.
ಮೂವತ್ತೆಂಟೂ ಮಕ್ಕಳು ಮೆಟ್ಟಿಲಿಳಿದು, ಅಂಗಳ ಸುತ್ತಿ, ಹತ್ತಿ ಬಂದರು.
ಕೊಳಾಯಿಯಿಂದ ಡ್ರಮ್ಮುಗಳು ಉರುಳಿದಂಥ ಸದ್ದು.
ಎಣಿಸಿ. ಬರೆಯಿರಿ. ಸುಮ್ಮನೆ ಕೂರಿ. ಮತ್ತೆ ಎಣಿಸಿ.
ಬೆವರು, ಕೇಕೆ, ಯಾರದೋ ಬಿಕ್ಕಳಿಕೆ;
ಆಮೇಲೆ ಆ ಹುಡುಗ ತನ್ನ ಕೈಯನ್ನೇ
ಬೇರೆಯವರದೆಂಬಂತೆ ನೋಡುತ್ತ
ಮೆಲ್ಲಗೆ ಅಂದ: ‘ಮಿಸ್, ಇಳೀತಾ ಇದೆ.’

ಮೆಮೊ ಮಧ್ಯಾಹ್ನವೇ ಬಂತು.
ತರಗತಿಯ ವೇಳೆಯಲ್ಲಿ ಅಶಿಸ್ತು, ಲಿಖಿತ ವಿವರಣೆ ನೀಡತಕ್ಕದ್ದು.
ಓದುತ್ತಲೇ ಗಂಟಲ ಪಸೆ ಆರಿತು, ಅಂಗೈ ತಣ್ಣಗಾಯಿತು;
ವಿದ್ಯೆ ಕಲಿಸಿದವಳಿಗೂ ಗ್ರಂಥಿ ವಿನಾಯಿತಿ ಕೊಡುವುದಿಲ್ಲ.

ಈಗ ಅದು ಜೇಬಿನಲ್ಲಿ ಮಡಚಿಕೊಂಡಿದೆ, ಬೆವರಿಗೆ ಶಾಯಿ ಒಸರಿ.
ರಿಯಾಮ್ ಗುಡ್ಡದ ಮೇಲಿನ ದೊಡ್ಡ ಧೂಪದಾನಿ
ಹೊಗೆಯಿಲ್ಲದೆ ಬೆಳಗಾಗುವುದನ್ನು ಕಾಯುತ್ತಿದೆ.
ಅಲ್ಲಿತನಕ ಹೋಗಿ ತಿರುಗಬೇಕು.
ಆರೂ ಹತ್ತಕ್ಕೆ ಶಾಲೆಯ ಬಸ್ಸು.
ವಿವರಣೆಯ ಮೊದಲ ಸಾಲು ಇನ್ನೂ ಹೊಳೆದಿಲ್ಲ.

ಎಡಗಣ್ಣು ಅದುರುತ್ತಲೇ ಇದೆ.
ಶುಭ ದಾರಿಯಲ್ಲಿರಬಹುದು,
ನನ್ನ ಹಾಗೇ ನಡೆದು ಬರುತ್ತಿರಬಹುದು.