ಮಕ್ಕಳ ಕೂಟದ ಮುಂದಿನ ಸ್ಟಾಪು

ಏಳೂ ಹತ್ತಕ್ಕೆ ಶ್ರೀನಗರದಲ್ಲಿ ಹತ್ತುತ್ತಾನೆ ಯತಿರಾಜ.
ಬಲಗಾಲು ಮೊದಲು. ಯಾವತ್ತೂ ಬಲಗಾಲೇ.
ತಪ್ಪಿ ಎಡಗಾಲಿಟ್ಟ ದಿನ ಇಳಿದು ಮತ್ತೆ ಹತ್ತುತ್ತಾನೆ.
ಹಿಂದಿದ್ದವರು ಗೊಣಗುತ್ತಾರೆ.
ಹೊನ್ನೂರಸಾಬ್ ಗೇರಿನ ಮೇಲೆ ಕೈಯಿಟ್ಟು
ಕನ್ನಡಿಯಲ್ಲಿ ನೋಡುತ್ತಾ ಕಾಯುತ್ತಾನೆ.

ನಾನು ಕಂಡಕ್ಟರು. ಹದಿಮೂರು ವರ್ಷದ ಸರ್ವಿಸು.
ಕಳ್ಳ ಪಾಸು ಹಿಡಿಯುವುದು, ಲೆಕ್ಕ ಒಪ್ಪಿಸುವುದು,
ಎಲ್ಲಕ್ಕೂ ತರಬೇತಿ ಕೊಟ್ಟರು.
ಮಾತು ಹುಡುಕುತ್ತಿರುವವನ ಮುಂದೆ
ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದನ್ನು ಮಾತ್ರ
ಯಾರೂ ಹೇಳಿಕೊಡಲಿಲ್ಲ.

ಅದನ್ನು ಅವನಮ್ಮ ಕಲಿಸಿದಳು.
ಮೊದಲ ತಿಂಗಳು ಪಕ್ಕದಲ್ಲೇ ಕೂತು ಬಂದಳು ಮುನಿಲಕ್ಷ್ಮಮ್ಮ,
ಎರಡನೆಯ ತಿಂಗಳು ಎರಡು ಸೀಟು ಹಿಂದೆ,
ಮೂರನೆಯ ತಿಂಗಳು ಹಿಂಬಾಗಿಲ ಕಂಬಿ ಹಿಡಿದು, ಮುಖಕ್ಕೆ ಸೆರಗು.
ನಾಲ್ಕನೆಯ ತಿಂಗಳು ಹತ್ತಲಿಲ್ಲ.
ಕಿಟಕಿಯಾಚೆ ನಿಂತು ನನಗೆ ಬೆರಳೆತ್ತಿ ತೋರಿಸಿದಳು:
ಐದು.
ಐದು ಎಣಿಸು, ಉತ್ತರ ಕೊಡುತ್ತಾನೆ.

ಎಣಿಸಿದೆ. ಕೊಟ್ಟ.
"ಬಟ್ಟೆಮನೆಗೆ."

ಪಾಸು ಕೊರಳಲ್ಲಿ ನೇತಾಡುತ್ತದೆ.
ಕಾರ್ಡಿನಲ್ಲಿ ಶೇಕಡಾ ಅರವತ್ತೈದು ಅಂತ ಬರೆದಿದ್ದಾರೆ,
ಯಾವ ತಕ್ಕಡಿಯಲ್ಲಿಟ್ಟು ತೂಗಿದರೋ.
ವರ್ಷ ವರ್ಷ ಕೌಂಟರಿನೆದುರು ನಿಂತು
ಅದು ಇನ್ನೂ ಇದೆ, ಎಲ್ಲೂ ಹೋಗಿಲ್ಲ ಅಂತ ತೋರಿಸಬೇಕು.
ಹೆಬ್ಬೆರಳು ಯಂತ್ರಕ್ಕೆ ಹೊಂದದಿದ್ದರೆ, ನಾಳೆ ಬಾ.
ನಾಳೆ ಅಂದರೆ ಅವನಿಗೆ ನಾಳೆಯೇ.
ಬೆಳಕು ಹರಿಯುವ ಮೊದಲು ಬಾಗಿಲಲ್ಲಿದ್ದ.
ಅಂದು ಎರಡನೆಯ ಶನಿವಾರ.

ಸ್ಟಾಪುಗಳೆಲ್ಲ ಬಾಯಿಪಾಠ.
ಧ್ವನಿಪೆಟ್ಟಿಗೆಯ ಹೆಂಗಸು ಒಂದು ಸ್ಟಾಪು ಹಿಂದೆ ಬಿದ್ದು
ಆಶ್ರಮದಲ್ಲಿ ಹನುಮಂತನಗರ ಅಂದರೆ
ಮೇಲೆ ನೋಡಿ "ತಪ್ಪು ಮೇಡಂ" ಅನ್ನುತ್ತಾನೆ, ಮರ್ಯಾದೆಯಿಂದ.

ಮಕ್ಕಳ ಕೂಟ ಬಂದಾಗ ಇಡೀ ಬಸ್ಸಿಗೆ ಅವನ ಚಿಂತೆ.
ಹೂವಿನ ಬುಟ್ಟಿಯ ಅಜ್ಜಿ, ಟಿಫಿನ್ ಡಬ್ಬಿಯ ಗಂಡಸು,
ಯಾರಾದರೊಬ್ಬರು ತೋಳು ಹಿಡಿದು ಎಬ್ಬಿಸುತ್ತಾರೆ:
"ಇಳಿ ಪುಟ್ಟಾ, ನಿನ್ನ ಸ್ಕೂಲು ಬಂತು."
ಪುಟ್ಟನಿಗೆ ಇಪ್ಪತ್ತಾರು.
ಗಡ್ಡ ಹೆರೆದ ಗಾಯ ಇನ್ನೂ ಕೆನ್ನೆಯ ಮೇಲೆ.
ಒಳ್ಳೆಯವರೇ ಎಲ್ಲ.
ಐದು ಎಣಿಸುವ ಪುರುಸೊತ್ತು ಮಾತ್ರ ಇಲ್ಲ.
ಒಳ್ಳೆಯವರೇ ಎರಡು ಸಲ ಇಳಿಸಿಯೂಬಿಟ್ಟರು,
ನಾನು ಹಿಂಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದೆ.
ನಡೆದು ಹೋದ, ತಡವಾಯಿತು,
ಅರ್ಧ ದಿನದ ದುಡ್ಡು ಕಟ್.

ಮುಂದಿನ ಸ್ಟಾಪಿನಿಂದ ಎಡಕ್ಕೆ ಆಸ್ಪತ್ರೆ,
ಅದರ ನೆಲಮಾಳಿಗೆಯಲ್ಲಿ ಬಟ್ಟೆಮನೆ.
ದಿನಕ್ಕೆ ಇನ್ನೂರ ನಲವತ್ತು ಚಾದರ ಮಡಿಸುತ್ತಾನೆ,
ಅಂಚಿಗೆ ಅಂಚು, ಮೂಲೆಗೆ ಮೂಲೆ,
ಹೊಲಿಗೆ ಹಾಕಿಸಿಕೊಂಡವರ ಬೆನ್ನಿಗೆ ಒಂದು ಸುಕ್ಕೂ ಒತ್ತದ ಹಾಗೆ.
ಎರಡು ವರ್ಷ ಅದಕ್ಕೆ ಸಂಬಳ ಅನ್ನಲಿಲ್ಲ,
ತರಬೇತಿ ಭತ್ಯೆ ಅಂದರು.
"ಇನ್ನೆಷ್ಟು ಚಾದರ ಮಡಿಸಿದರೆ ತರಬೇತಿ ಮುಗಿಯುತ್ತೆ ಸಾರ್?"
ಮುನಿಲಕ್ಷ್ಮಮ್ಮ ಕೇಳಿದಳಂತೆ, ಮೊದಲು ಬಾಯಲ್ಲಿ,
ಆಮೇಲೆ ಅರ್ಜಿಯಲ್ಲಿ.
ನಾಲ್ಕನೆಯ ಅರ್ಜಿಗೆ ಉತ್ತರ ಬಂತು.

ಇವತ್ತು ಒಂದನೇ ತಾರೀಖು.
ಹತ್ತಿದ. ಬಲಗಾಲು. ಪಾಸು ತೋರಿಸಲಿಲ್ಲ,
ಅಂಗಿಯೊಳಗೆ ಸೇರಿಸಿ ಗುಂಡಿ ಹಾಕಿದ್ದ.
ಐವತ್ತರ ನೋಟು ಚಾಚಿದ.
"ಪಾಸಿದೆಯಲ್ಲ ಯತಿರಾಜ್?"
ಒಂದು, ಎರಡು. ಮೂರಕ್ಕೇ ಬಂತು:
"ಸಂಬಳ ಆಯ್ತು. ಟಿಕೆಟ್ ಕೊಡಿ."
ನಿಯಮ ಏನನ್ನುತ್ತದೋ. ಮಷೀನು ಕೊರ್ರ್ ಅಂತು.
ಹದಿನೆಂಟು ರೂಪಾಯಿ.
ಚಿಲ್ಲರೆ ಎರಡು ಸಲ ಎಣಿಸಿ ಕೈ ಹಾಗೇ ಚಾಚಿಕೊಂಡಿದ್ದ.
ಎರಡು ರೂಪಾಯಿ ಕಡಿಮೆ ಕೊಟ್ಟಿದ್ದೆ.

ಮಕ್ಕಳ ಕೂಟದಲ್ಲಿ ಅಜ್ಜಿ ಎಂದಿನಂತೆ "ಪುಟ್ಟಾ" ಅಂದಳು.
ಟಿಕೆಟ್ಟನ್ನು ಅವಳ ಕಣ್ಣಿನ ಹತ್ತಿರ ಹಿಡಿದ.
"ಮುಂದಿನ ಸ್ಟಾಪಿಗೆ ಇದು."
"ಹೌದಬೇ ಯವ್ವಾ, ಅವ ಡ್ಯೂಟಿಗೆ ಹೊಂಟಾನ," ಅಂತ
ಮುಂದಿನಿಂದಲೇ ಕೂಗಿದ ಹೊನ್ನೂರಸಾಬ್,
ಮುಂದಿನ ಸ್ಟಾಪಿನಲ್ಲಿ ಗಾಡಿಯನ್ನು ಫುಟ್‌ಪಾತಿಗೆ ಒತ್ತಿ ನಿಲ್ಲಿಸಿದ,
ನಿಲ್ಲಿಸಿಯೇ ಇದ್ದ,
ಅವನು ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ,
ಅಂಚಿಗೆ ಅಂಚು ಕೂಡಿಸಿ, ಜೇಬಿಗಿಟ್ಟು, ಇಳಿಯುವ ತನಕ.

ಡಿಪೋದ ಹಾಳೆಯಲ್ಲಿ ತಡಕ್ಕೆ ಕಾರಣ ಕೇಳುವ ಖಾನೆಯಿದೆ.
ಟ್ರಾಫಿಕ್ ಅಂತ ಬರೆದೆ.
ಬೇರೆ ಕಾರಣ ಹಿಡಿಸುವಷ್ಟು
ಅಗಲವಿಲ್ಲ ಆ ಖಾನೆ.